ಯಂತ್ರ ಹೋದ ಮೇಲೆ ‘ಸ್ಟ್ರಿಯಾ’ ನುಡಿಸುವುದು ಹೇಗೆ?

ಅಜ್ಜನ ಕಾಲದ ವೀಣೆಗೆ ಹೊಸ ತಂತಿ ಹಾಕಿ, ಮೇಳ ಕಟ್ಟಿಸಿದರೆ ಇವತ್ತೂ ನುಡಿಯುತ್ತದೆ. ಮೊದಲ ತಲೆಮಾರಿನ ಡಿಜಿಟಲ್ ಸಿಂಥಸೈಜರ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ಚಿಪ್ಪುಗಳು ಈಗ ತಯಾರಾಗುವುದಿಲ್ಲ, ಫ್ಲಾಪಿಗಳ ಲೇಪ ಸವೆಯುತ್ತಿದೆ, ಒಳಗಿನ ಪ್ರೋಗ್ರಾಮನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಹಾಗಿದ್ದ ಮೇಲೆ ಆ ಯಂತ್ರಗಳನ್ನೇ ನಂಬಿ ರಚಿಸಿದ ಸಂಗೀತವನ್ನು ಮುಂದಿನವರಿಗೆ ಕೇಳಿಸುವುದು ಹೇಗೆ? ಹಳೆಯ ರೆಕಾರ್ಡಿಂಗ್ ಹಾಕಿದರೆ ಸಾಕೇ, ಕೃತಿಯನ್ನು ಬುಡದಿಂದ ಮತ್ತೆ ಕಟ್ಟಬೇಕೇ? ಎಲೆಕ್ಟ್ರಾನಿಕ್ ಸಂಗೀತದ ದಾಖಲೆ ಕಾಯುವವರ ಮುಂದೆ ಈಗ ಇರುವ ಪ್ರಶ್ನೆ ಇದು.

ಇದಕ್ಕೆ ಅಮೆರಿಕದ ಸಂಗೀತ ರಚನಕಾರ ಜಾನ್ ಚೌನಿಂಗ್ ಅವರ ‘ಸ್ಟ್ರಿಯಾ’ಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಇಟಲಿಯ ರಚನಕಾರ ಲೂಚಾನೊ ಬೆರಿಯೊ ಅವರ ಕೋರಿಕೆಯ ಮೇಲೆ ಪ್ಯಾರಿಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಗಾಗಿ ರಚಿಸಿದ, ಸುಮಾರು 17 ನಿಮಿಷದ, ನಾಲ್ಕು ಚಾನೆಲ್‌ಗಳ ಈ ಕೃತಿ ಮೊದಲು ಕೇಳಿಸಿದ್ದು 1977ರ ಅಕ್ಟೋಬರ್ 13ರಂದು, ಪಾಂಪಿದೂ ಕೇಂದ್ರದಲ್ಲಿ. ಮೈಕಿನಿಂದ ಹಿಡಿದ ಸದ್ದು ಅದರಲ್ಲಿ ಒಂದೂ ಇಲ್ಲ. ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಪಿಡಿಪಿ-10 ಕಂಪ್ಯೂಟರಿನಲ್ಲಿ, ಸೈಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಸ್ವರಗಳ ಪಟ್ಟಿಯನ್ನು ತಯಾರಿಸಿತು. ಆ ಪಟ್ಟಿಯಿಂದ ಧ್ವನಿಯ ಅಲೆಯನ್ನು ಅಂಕಿ ಅಂಕಿಯಾಗಿ ಲೆಕ್ಕ ಹಾಕಲಾಯಿತು. (ಆ ಪ್ರಯೋಗಾಲಯದ ಹೆಸರೂ ಸೈಲ್, ಭಾಷೆಯ ಹೆಸರೂ ಸೈಲ್. ಹಳೆಯ ಕಡತಗಳನ್ನು ಓದುವವರಿಗೆ ಇದು ಮೊದಲ ತಲೆನೋವು.) ಅಂದರೆ ಇಲ್ಲಿ ವಾದ್ಯವೆಂದರೆ ಲೆಕ್ಕ. ಲೆಕ್ಕ ಪೂರ್ತಿ ಉಳಿದಿದ್ದರೆ ಕೃತಿ ಉಳಿದಂತೆ. ತೊಡಕಿರುವುದು ಆ ‘ಪೂರ್ತಿ’ ಎಂಬ ಪದದಲ್ಲಿ.

ಎರಡು ಆಸಿಲೇಟರ್‌ಗಳ ಲೆಕ್ಕ

ಚೌನಿಂಗ್ 1967ರಲ್ಲಿ ಕಂಪ್ಯೂಟರಿನಲ್ಲಿ ಸ್ವರದ ಕಂಪನವನ್ನು, ಅಂದರೆ ವೈಬ್ರಾಟೊವನ್ನು, ಹೆಚ್ಚಿಸುತ್ತಾ ಹೋದರು. ಸೆಕೆಂಡಿಗೆ ಐದಾರು ಸಲ ಅಲುಗುವ ಸ್ವರ ಕಿವಿಗೆ ಕಂಪಿತವಾಗಿಯೇ ಕೇಳುತ್ತದೆ. ಅಲುಗಾಟ ಸೆಕೆಂಡಿಗೆ ನೂರಾರು ಸಲ ಆಯಿತೆಂದರೆ ಕಂಪನ ಮಾಯವಾಗಿ ಸ್ವರದ ಬಣ್ಣವೇ ಬದಲಾಗುತ್ತದೆ. ಇದೇ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ಸಂಶ್ಲೇಷಣೆ. ಆಸಿಲೇಟರ್ ಎಂದರೆ ಅಲೆ ಹುಟ್ಟಿಸುವ ಘಟಕ. ಕೇಳಿಸುವ ಆಸಿಲೇಟರ್ ಕ್ಯಾರಿಯರ್. ಅದನ್ನು ಅಲುಗಾಡಿಸುವುದು ಮಾಡ್ಯುಲೇಟರ್. ಎಷ್ಟು ದೂರ ಅಲುಗಾಡಿಸಿದೆ ಎಂಬುದನ್ನು ಮಾಡ್ಯುಲೇಟರಿನ ಆವರ್ತನದಿಂದ ಭಾಗಿಸಿದರೆ ಬರುವ ಸಂಖ್ಯೆ ಇಂಡೆಕ್ಸ್. ಕ್ಯಾರಿಯರಿನ ಎರಡೂ ಪಕ್ಕದಲ್ಲಿ ಮಾಡ್ಯುಲೇಟರಿನಷ್ಟೇ ಅಂತರದಲ್ಲಿ ಹೊಸ ಆವರ್ತನಗಳು, ಅಂದರೆ ಸೈಡ್‌ಬ್ಯಾಂಡ್‌ಗಳು, ಹುಟ್ಟುತ್ತವೆ. ಪ್ರತಿ ಪಕ್ಕದಲ್ಲಿ ಲೆಕ್ಕಕ್ಕೆ ಬರುವವು ಇಂಡೆಕ್ಸ್‌ಗಿಂತ ಒಂದು ಹೆಚ್ಚು ಎಂದಿಟ್ಟುಕೊಂಡರೆ ಸಾಕು. ಹತ್ತು ಹನ್ನೆರಡು ಆಸಿಲೇಟರ್ ಜೋಡಿಸಿ ಕಟ್ಟಬೇಕಿದ್ದ ನಾದ ಎರಡರಲ್ಲೇ ಸಿಕ್ಕಿತು. ಕಂಪ್ಯೂಟರಿನ ಒಂದೊಂದು ನಿಮಿಷಕ್ಕೂ ಬೆಲೆಯಿದ್ದ ಕಾಲದಲ್ಲಿ ಇದು ಸಣ್ಣ ಉಳಿತಾಯವಲ್ಲ.

1973ರ ಪ್ರಬಂಧದಲ್ಲಿ ಅವರು ಕೊಟ್ಟ ಗಂಟೆಯ ಲೆಕ್ಕ ಹೀಗಿದೆ: ಕ್ಯಾರಿಯರ್ 200 ಹರ್ಟ್ಸ್, ಮಾಡ್ಯುಲೇಟರ್ 280 ಹರ್ಟ್ಸ್, ಅವಧಿ 15 ಸೆಕೆಂಡ್, ಇಂಡೆಕ್ಸ್ 10ರಿಂದ ಸೊನ್ನೆಗೆ. ಮೇಲಿನ ಪಕ್ಕದಲ್ಲಿ 480, 760, 1040 ಹೀಗೆ ಹೋಗುತ್ತದೆ. ಕೆಳಗಿನ ಪಕ್ಕದಲ್ಲಿ 200ರಿಂದ 280 ಕಳೆದರೆ −80 ಬರುತ್ತದೆ; ಋಣ ಆವರ್ತನ ಕಿವಿಗೆ 80 ಆಗಿಯೇ ಕೇಳುತ್ತದೆ, ಫೇಸ್ (ಅಲೆ ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂಬುದು) ಮಾತ್ರ ತಿರುಗಿರುತ್ತದೆ. ಹಾಗೆಯೇ 360, 640, 920. ಇವೆಲ್ಲ 40ರ ಗುಣಕಗಳೇ. ಆದರೂ ನಡುವೆ ಬಹಳಷ್ಟು ಗುಣಕಗಳು ಖಾಲಿ ಇರುವುದರಿಂದ ಕಿವಿ 40 ಹರ್ಟ್ಸ್‌ನ ಷಡ್ಜವನ್ನು ಹಿಡಿಯುವುದಿಲ್ಲ, ಲೋಹದ ಗಂಟೆಯನ್ನು ಕೇಳುತ್ತದೆ. ಇಂಡೆಕ್ಸ್ ಇಳಿದಂತೆ ಮೇಲಿನ ಆವರ್ತನಗಳು ಮೊದಲು ಆರುತ್ತವೆ, ದೇವಸ್ಥಾನದ ಗಂಟೆಯಲ್ಲೂ ಹಾಗೇ ಅಲ್ಲವೇ.

ಇದನ್ನು ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ ಹತ್ತು ನಿಮಿಷದಲ್ಲಿ ಕಟ್ಟಬಹುದು. 280ರ ಆಸಿಲೇಟರಿನ ಹೊರಬರುವಿಕೆಯನ್ನು 2800ರಿಂದ (ಇಂಡೆಕ್ಸ್ 10 ಗುಣಿಸು 280) ಗುಣಿಸಿ, ಅದಕ್ಕೆ 200 ಕೂಡಿಸಿ, ಎರಡನೇ ಆಸಿಲೇಟರಿನ ಆವರ್ತನಕ್ಕೆ ಕೊಡಬೇಕು. ಆ 2800 ಮತ್ತು ಕೊನೆಯ ಧ್ವನಿಮಟ್ಟ ಎರಡನ್ನೂ ಒಂದೇ ಇಳಿಜಾರಿನಲ್ಲಿ ಇಳಿಸಬೇಕು. ಹೊಸಬರು ಎಡವುವುದು ಇಲ್ಲೇ. 1ರಿಂದ 0ಗೆ ನೇರ ಗೆರೆಯಲ್ಲಿ ಇಳಿಸಿದರೆ ಯಾರೋ ಹಾರ್ಮೋನಿಯಂ ತಿದಿಯನ್ನು ನಿಧಾನಕ್ಕೆ ಬಿಟ್ಟ ಹಾಗೆ ಕೇಳುತ್ತದೆ, ಗಂಟೆಯಾಗುವುದಿಲ್ಲ. ಇಳಿತ ಘಾತೀಯವಾಗಿರಬೇಕು. ಸುಲಭದ ದಾರಿ, ಆ ನೇರ ಗೆರೆಯ ನಾಲ್ಕನೇ ಘಾತ ತೆಗೆಯುವುದು: ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಅದರಿಂದಲೇ ಗುಣಿಸುವುದು. ಇನ್ನೊಂದು ಮಾತು. ಇಲ್ಲಿ ಕ್ಯಾರಿಯರ್ 200ರಿಂದ ಕೆಳಗೆ −2600ರವರೆಗೂ ಹೋಗುತ್ತದೆ. ಸಾಮಾನ್ಯ ಅನಲಾಗ್ ಆಸಿಲೇಟರ್ ಸೊನ್ನೆಗೆ ಬಂದು ನಿಂತುಬಿಡುತ್ತದೆ. ಡಿಜಿಟಲ್ ಲೆಕ್ಕಕ್ಕೆ ಸೊನ್ನೆ ದಾಟಿ ಹಿಂದಕ್ಕೆ ತಿರುಗುವುದು ಕಷ್ಟವೇ ಅಲ್ಲ. ಈ ನಾದ ಡಿಜಿಟಲ್ ಯಂತ್ರದಲ್ಲೇ ನೆಲೆ ನಿಂತದ್ದಕ್ಕೆ ಅದೊಂದು ಮುಖ್ಯ ಕಾರಣ.

ಅಷ್ಟಮದ ಜಾಗದಲ್ಲಿ 1.618

‘ಸ್ಟ್ರಿಯಾ’ದಲ್ಲಿ ಚೌನಿಂಗ್ ಷಡ್ಜದಿಂದ ತಾರಷಡ್ಜಕ್ಕಿರುವ 1:2 ಅನುಪಾತವನ್ನೇ ಕೈಬಿಟ್ಟರು. ಅದರ ಬದಲು ಸುವರ್ಣಾನುಪಾತ, 1:1.618. ಗಣಿತದಲ್ಲಿ ಇದಕ್ಕೆ ಫೈ ಎನ್ನುತ್ತಾರೆ. ನಮ್ಮ ಸ್ವರಸ್ಥಾನಗಳಲ್ಲಿ ಹೇಳಬೇಕೆಂದರೆ ಇದು ಷಡ್ಜದಿಂದ 833 ಸೆಂಟ್ (ಷಡ್ಜದಿಂದ ತಾರಷಡ್ಜಕ್ಕೆ 1200 ಸೆಂಟ್) ಮೇಲಿದೆ. 8/5ರ ಶುದ್ಧ ಧೈವತ 814ರಲ್ಲಿ, 5/3ರ ಚತುಶ್ರುತಿ ಧೈವತ 884ರಲ್ಲಿ. ಶುದ್ಧ ಧೈವತವನ್ನು ಚೂರು ಮೇಲಕ್ಕೆಳೆದ ಈ ಜಾಗದಲ್ಲಿ ‘ಸ್ಥಾಯಿ’ ಮುಗಿದು ಮುಂದಿನ ‘ಸ್ಥಾಯಿ’ ಶುರುವಾಗುತ್ತದೆ. ಕಾಗದದ ಮೇಲೆ ಇದು ಹಟಕ್ಕೆ ಮಾಡಿದ ಕೆಲಸದಂತೆ ಕಾಣಬಹುದು. ಕೇಳಿದಾಗ ಮಾತ್ರ ಕರ್ಕಶವಲ್ಲ. ಮೋಡದಂತೆ ಒಂದರೊಳಗೊಂದು ಕರಗುವ ನಾದ.

ಕಾರಣ ಎಫ್‌ಎಂನಲ್ಲೇ ಇದೆ. ಕ್ಯಾರಿಯರ್ 1, ಮಾಡ್ಯುಲೇಟರ್ ಫೈ ಎಂದಿಟ್ಟುಕೊಳ್ಳಿ. ಮೇಲಿನ ಮೊದಲ ಸೈಡ್‌ಬ್ಯಾಂಡ್ 1+ಫೈ. ಅದು ಫೈನ ವರ್ಗವೇ. ಕೆಳಗಿನದು ಫೈ−1, ಅದು 1/ಫೈ. ಮೇಲಿನ ಎರಡನೆಯದು 1+2ಫೈ. ಅದು ಫೈನ ಘನ. ಹೀಗೆ ನಾದದ ಒಳಗೆ ಹುಟ್ಟುವ ಮುಖ್ಯ ಆವರ್ತನಗಳು, ಆ ಶ್ರೇಣಿಯ ಉಳಿದ ಸ್ವರಗಳು ನಿಂತ ಜಾಗಕ್ಕೇ ಬಂದು ಕೂರುತ್ತವೆ. (ಎಲ್ಲವೂ ಅಲ್ಲ. ಕೆಳಗಿನ ಎರಡನೆಯದು 2.236; ಅದು ಯಾವ ಘಾತಕ್ಕೂ ಹೊಂದುವುದಿಲ್ಲ. ಆ ಒರಟುತನವೂ ಕೃತಿಯ ಭಾಗ.) ತಂಬೂರಿಯ ಮಂದ್ರದ ತಂತಿಯೊಳಗಿಂದ ಗಾಂಧಾರ ತಾನಾಗಿ ಕೇಳಿಬರುವ ಸೊಗಸಿಗೆ ಕಿವಿಗೊಟ್ಟವರಿಗೆ ಈ ಯೋಚನೆ ಹೊಸದೆನಿಸಲಾರದು: ನಾದದ ಒಳಗಿರುವುದನ್ನೇ ಸ್ವರಶ್ರೇಣಿ ಹೊರಗೆ ತೋರಿಸುತ್ತದೆ. ವ್ಯತ್ಯಾಸವಿಷ್ಟೇ, ತಂಬೂರಿಯಲ್ಲಿ ಅದು ತಂತಿಯ ಗುಣ. ಇಲ್ಲಿ ರಚನಕಾರನೇ ಆಯ್ದುಕೊಂಡ ಗುಣ.

ಹಾಗಾಗಿ ಅನುಪಾತ ಒಂದು ಕೂದಲೆಳೆ ತಪ್ಪಿದರೂ ಗೊತ್ತಾಗುತ್ತದೆ. 1.618ರ ಬದಲು 1.62 ಹಾಕಿದಿರಿ ಎನ್ನಿ. 1000 ಹರ್ಟ್ಸ್ ಕ್ಯಾರಿಯರಿನ ಮೇಲಿನ ಸೈಡ್‌ಬ್ಯಾಂಡ್ 2620ಕ್ಕೆ ಬೀಳುತ್ತದೆ. ಶ್ರೇಣಿಯ ಸ್ವರ ಇರುವುದು 2618ರಲ್ಲಿ. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಎರಡು ಸಲ ಅಲೆ ಏಳುತ್ತದೆ. ಕರಗಬೇಕಾದ ಕಡೆ ನಾದ ನಡುಗುತ್ತದೆ.

ಪಟ್ಟಿಯಲ್ಲಿ ಬರೆಯದೆ ಉಳಿದದ್ದು

ಅನುಪಾತ, ಇಂಡೆಕ್ಸ್, ಅವಧಿ, ಧ್ವನಿಮಟ್ಟ ಇವಿಷ್ಟೂ ಸಿಕ್ಕರೆ ಕೃತಿ ಸಿಕ್ಕಿತೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಮರುನಿರ್ಮಾಣ ಕೆಡುವುದು ಬಹುತೇಕ ಬೇರೆ ಕಡೆ. ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಬರೆದಿಡದ ಸಂಗತಿಗಳಲ್ಲಿ.

ಮೊದಲನೆಯದು ಫೇಸ್. ಪ್ಯೂರ್ ಡೇಟಾದ ಆಸಿಲೇಟರ್ ‘ಆಸ್ಕ್~’ ಕೊಡುವುದು ಕೊಸೈನ್ ಅಲೆ. ಚೌನಿಂಗ್ ಪ್ರಬಂಧದ ಸೂತ್ರ ಇರುವುದು ಸೈನ್‌ನಲ್ಲಿ. ಕಿವಿಗೆ ಎರಡೂ ಒಂದೇ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಒಂಟಿ ಸ್ವರಕ್ಕೆ ಅದು ನಿಜ, ಎಫ್‌ಎಂಗೆ ಅಲ್ಲ. ಕಂಚಿನ ತುತ್ತೂರಿಯ ನಾದಕ್ಕೆ ಬಳಸುವ 1:1 ಅನುಪಾತವನ್ನು ನೋಡಿ: ಎರಡೂ 440 ಹರ್ಟ್ಸ್. ಕೆಳಗಿನ ಎರಡನೇ ಸೈಡ್‌ಬ್ಯಾಂಡ್ −440; ಅದು ಮಡಿಚಿಕೊಂಡು ಬಂದು ಮೂಲ ಸ್ವರದ ಮೇಲೇ ಕೂರುತ್ತದೆ. ಸೈನ್‌ನಲ್ಲಿ ಅದು ಕಳೆಯುತ್ತದೆ, ಕೊಸೈನ್‌ನಲ್ಲಿ ಕೂಡುತ್ತದೆ. ಇಂಡೆಕ್ಸ್ 2 ಇದ್ದಾಗ ಮೂಲ ಸ್ವರದ ಬಲ ಸೈನ್‌ನಲ್ಲಿ 0.13, ಕೊಸೈನ್‌ನಲ್ಲಿ 0.58. ನಾಲ್ಕು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ! ಸಾಲದ್ದಕ್ಕೆ ಕೊಸೈನ್‌ನಲ್ಲಿ ಕೆಳಗಿನ ಮೊದಲ ಸೈಡ್‌ಬ್ಯಾಂಡ್ ಸೊನ್ನೆ ಹರ್ಟ್ಸ್‌ಗೆ ಬಂದು ನಿಂತು, ಸ್ಪೀಕರಿನ ಕೋನನ್ನು ಒಂದೇ ಕಡೆಗೆ ತಳ್ಳುವ ಡಿಸಿ ಆಗುತ್ತದೆ. ಹೈಪಾಸ್ ಫಿಲ್ಟರ್ ಹಾಕಿ ಡಿಸಿ ತೆಗೆದವರು ಸರಿಪಡಿಸಿದೆವು ಎಂದುಕೊಳ್ಳುತ್ತಾರೆ. ಮೂಲ ಸ್ವರದ ಬಲ ತಪ್ಪಿದ್ದು ಹಾಗೇ ಉಳಿದಿರುತ್ತದೆ. ಸರಿಯಾದ ಮದ್ದು: ಕ್ಯಾರಿಯರಿಗೆ ‘ಆಸ್ಕ್~’ ಬಿಟ್ಟು ‘ಫೇಸರ್~’ ಹಾಕಿ, ಅದರಿಂದ 0.25 ಕಳೆದು ‘ಕಾಸ್~’ಗೆ ಕೊಡುವುದು, ಮಾಡ್ಯುಲೇಟರಿಗೆ ‘ಆಸ್ಕ್~’ ಇದ್ದಂತೆಯೇ ಇರಲಿ, ಪ್ರತಿ ಸ್ವರದ ಆರಂಭದಲ್ಲಿ ಎರಡರ ಫೇಸನ್ನೂ ಸೊನ್ನೆಗೆ ತರುವುದು.

ಎರಡನೆಯದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಅಲೆಯ ಎಷ್ಟು ಅಂಕಿಗಳನ್ನು ಲೆಕ್ಕ ಹಾಕುತ್ತೇವೆ ಎಂಬುದು. ಇವತ್ತಿನ 48,000ಕ್ಕಿಂತ ಬಹಳ ಕಡಿಮೆಯಲ್ಲಿ ಲೆಕ್ಕ ಹಾಕಿದ ಕೃತಿಗಳು ಆಗ ಎಷ್ಟೋ ಇದ್ದವು. ಉದಾಹರಣೆಗೆ ಸೆಕೆಂಡಿಗೆ 25,600 ಎಂದಿಟ್ಟುಕೊಳ್ಳೋಣ. ಕ್ಯಾರಿಯರ್ 4236, ಮಾಡ್ಯುಲೇಟರ್ 6854 ಆದರೆ ಮೇಲಿನ ಎರಡನೇ ಸೈಡ್‌ಬ್ಯಾಂಡ್ 17,944. ಅದು ರೇಟಿನ ಅರ್ಧವಾದ 12,800ರ ಮಿತಿ ದಾಟಿದ್ದರಿಂದ 7656ಕ್ಕೆ ಮಡಿಚಿಕೊಂಡು, ಶ್ರೇಣಿಗೆ ಸೇರದ ಸ್ವರವಾಗಿ ಸ್ಪಷ್ಟವಾಗಿ ಕೇಳುತ್ತದೆ. ಅದೇ ಲೆಕ್ಕವನ್ನು 48,000ದಲ್ಲಿ ಹಾಕಿದರೆ 17,944 ಅಲ್ಲೇ ಉಳಿಯುತ್ತದೆ, ನಡುವಯಸ್ಸಿನ ಕಿವಿಗೆ ಕೇಳುವುದೂ ಇಲ್ಲ. ಹೊಸದು ಶುಭ್ರ, ಹಳೆಯದು ಕೊಳೆ ಎಂದು ತೀರ್ಮಾನಿಸುವ ಮೊದಲು ಯೋಚಿಸಬೇಕು. ರಚನಕಾರ ಕೇಳಿ, ಒಪ್ಪಿ, ಉಳಿಸಿಕೊಂಡದ್ದು ಆ ಮಡಿಚಿದ ನಾದವನ್ನೇ ಇರಬಹುದು. ಮೊದಲು ಮೂಲ ರೇಟಿನಲ್ಲೇ ಒಮ್ಮೆ ಲೆಕ್ಕ ಹಾಕಿ, ಹಳೆಯ ಟೇಪಿನ ಜೊತೆಗಿಟ್ಟು ನೋಡಿ, ಆಮೇಲೆ ರೇಟ್ ಏರಿಸುವುದೇ ಸರಿಯಾದ ಕ್ರಮ. ಹೊಸದನ್ನೇ ಮೊದಲು ಮಾಡಿದವರಿಗೆ ಎಲ್ಲಿ ತಪ್ಪಿತು ಎಂದು ಹುಡುಕಲು ದಾರಿಯೇ ಇರುವುದಿಲ್ಲ.

ಮೂರನೆಯದು ಜಾಗ. ನಾಲ್ಕು ಚಾನೆಲ್‌ಗಳ ಕೃತಿಯನ್ನು ಸಿ.ಡಿ.ಗೆ ಇಳಿಸಿದಾಗ ಎರಡೇ ಉಳಿಯುತ್ತವೆ. ಹಿಂದಿನಿಂದ ಬರಬೇಕಾದ ನಾದ ಮುಂದಿನದರೊಳಗೆ ಬೆರೆತ ಮೇಲೆ ಅದನ್ನು ಬಿಡಿಸಿ ತೆಗೆಯಲಾಗದು. ‘ರೆಕಾರ್ಡಿಂಗ್ ಇದೆಯಲ್ಲ, ಇನ್ನೇನು’ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಯಾರದು ಉಳಿಯಿತು, ಯಾರದು ಸಿಕ್ಕಿಬಿತ್ತು

2007ರಲ್ಲಿ ‘ಕಂಪ್ಯೂಟರ್ ಮ್ಯೂಸಿಕ್ ಜರ್ನಲ್’ ‘ಸ್ಟ್ರಿಯಾ’ದ ಮರುನಿರ್ಮಾಣದ ಮೇಲೆ ಸರಣಿ ಲೇಖನಗಳನ್ನು ತಂದಿತು. ಕೆವಿನ್ ದಾಹನ್, ಒಲಿವಿಯೆ ಬೊದುವಾಂ ಬೇರೆ ಬೇರೆಯಾಗಿ ಹಳೆಯ ಲೆಕ್ಕವನ್ನು ಇಂದಿನ ಕಂಪ್ಯೂಟರಿಗೆ ತಂದರು. ಲಾರಾ ಜಾಟ್ರಾ ಹಸ್ತಪ್ರತಿ ಸಂಪಾದನೆ ಮಾಡುವವರ ಹಾಗೆ ಪಾಠಾಂತರಗಳನ್ನು ಎದುರುಬದುರು ಇಟ್ಟು ನೋಡಿದರು; ಕೃತಿಯ ರೂಪ ಒಂದಲ್ಲ, ಹಲವು ಎಂಬುದು ತಿಳಿಯಿತು. ಪಂಪನ ಕಾವ್ಯಕ್ಕೆ ಓಲೆಗರಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ಕೆಲಸ ಗೊತ್ತಿರುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಮೂವತ್ತೇ ವರ್ಷ ಹಳೆಯ ಕಂಪ್ಯೂಟರ್ ಕೃತಿಗೂ ಪಾಠಾಂತರದ ಗೋಳು ತಪ್ಪಲಿಲ್ಲ ಎಂಬುದಷ್ಟೇ ಅಚ್ಚರಿ.

ಇಷ್ಟಾದರೂ ಸಾಧ್ಯವಾದದ್ದು ಲೆಕ್ಕ ಅಕ್ಷರದಲ್ಲಿ ಇದ್ದುದರಿಂದ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್-ಕ್ಲೋದ್ ರಿಸೆ 1969ರಲ್ಲಿ ಸಿದ್ಧಪಡಿಸಿದ ನಾದಗಳ ಕ್ಯಾಟಲಾಗೂ ಹೀಗೆಯೇ. ಒಂದೊಂದು ನಾದಕ್ಕೂ ‘ಮ್ಯೂಸಿಕ್ 5’ ಪ್ರೋಗ್ರಾಮಿನ ಸಾಲುಗಳನ್ನು ಅದರಲ್ಲಿ ಮುದ್ರಿಸಿದ್ದಾರೆ. ಆ ಸಾಲುಗಳನ್ನು ಸಿಸೌಂಡ್ ಎಂಬ ಇಂದಿನ ಧ್ವನಿ ತಂತ್ರಾಂಶಕ್ಕೆ ಬರೆದುಕೊಂಡರೆ ಇವತ್ತೂ ನಾದ ಹುಟ್ಟುತ್ತದೆ. ಸ್ಟ್ಯಾನ್‌ಫರ್ಡ್ ಪ್ರಯೋಗಾಲಯದ 1972ರಿಂದ 1990ರವರೆಗಿನ ಬ್ಯಾಕಪ್ ಟೇಪುಗಳ ಕಡತಗಳು ‘ಸೈಲ್‌ಡಾರ್ಟ್’ ಸಂಗ್ರಹದಲ್ಲಿ ಉಳಿದಿರುವುದೂ ಒಂದು ಪುಣ್ಯ.

ವೇಗಕ್ಕಾಗಿ ವಿಶೇಷ ಯಂತ್ರ ಕಟ್ಟಿಸಿಕೊಂಡವರಿಗೆ ಅದೇ ಮುಳುವಾಯಿತು. 1977ರಲ್ಲಿ ಸ್ಟ್ಯಾನ್‌ಫರ್ಡಿಗೆ ಬಂದ ಸ್ಯಾಮ್ಸನ್ ಬಾಕ್ಸ್‌ನಲ್ಲಿ 256 ಜನರೇಟರ್, 128 ಮಾಡಿಫೈಯರ್ ಇದ್ದವು. ಗಂಟೆಗಟ್ಟಲೆ ಕಾಯಬೇಕಿದ್ದ ನಾದ ಅದರಲ್ಲಿ ಆಗಿಂದಾಗಲೇ ಕೇಳುತ್ತಿತ್ತು. 1992ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದಕ್ಕೆಂದು ಬರೆದ ಆಜ್ಞೆಗಳು ಉಳಿದಿದ್ದರೂ ಆ ಪೆಟ್ಟಿಗೆಯನ್ನು ಬಿಟ್‌ಬಿಟ್ ಅನುಕರಿಸುವ ತಂತ್ರಾಂಶ ಇಲ್ಲದೆ ಅವು ಬರೀ ಅಂಕಿ. ಇರ್ಕಾಮ್‌ನ 4ಎಕ್ಸ್ ಯಂತ್ರಕ್ಕೂ ಇದೇ ಗತಿ. ಫಿಲಿಪ್ ಮನೂರಿ ಅದಕ್ಕಾಗಿ ರಚಿಸಿದ ‘ಪ್ಲುಟಾನ್’ನಂಥವು ಬದುಕಿದ್ದು, ಮಿಲ್ಲರ್ ಪಕೆಟ್ ಅಂಥ ಕೃತಿಗಳನ್ನು ತಮ್ಮದೇ ಪ್ಯೂರ್ ಡೇಟಾಗೆ ತಂದಿದ್ದರಿಂದ. ಯಂತ್ರ ಬದಲಾದಾಗಲೆಲ್ಲ ಯಾರೋ ಕೂತು ಮರುಬರವಣಿಗೆ ಮಾಡಲೇಬೇಕು. ಈ ಕೆಲಸಕ್ಕೆ ಹಣ ಕೊಡುವವರು ಕಡಿಮೆ. ಹೊಸ ಕೃತಿಗೆ ಸಿಗುವ ಅನುದಾನ ಹಳೆಯದರ ರಿಪೇರಿಗೆ ಸಿಗುವುದಿಲ್ಲ.

ಮನೆಯಲ್ಲಿರುವ ಡಿಎಕ್ಸ್7

ಯಮಾಹಾ ಎಫ್‌ಎಂ ತಂತ್ರವನ್ನು ಸ್ಟ್ಯಾನ್‌ಫರ್ಡಿನಿಂದ ಪಡೆದು 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ತಂದಿತು: 16 ಧ್ವನಿ, ಪ್ರತಿಯೊಂದಕ್ಕೂ 6 ಆಪರೇಟರ್ (ಆಸಿಲೇಟರಿಗೆ ಅಲ್ಲಿನ ಹೆಸರು), ಅವನ್ನು ಜೋಡಿಸಲು 32 ವಿನ್ಯಾಸ. ಅದರಲ್ಲಿ ನಡೆಯುವುದು ನಿಜವಾಗಿ ಆವರ್ತನದ ಬದಲು ಫೇಸನ್ನು ಅಲುಗಾಡಿಸುವ ಫೇಸ್ ಮಾಡ್ಯುಲೇಶನ್. ಒಂದರ ಮೇಲೊಂದು ಮಾಡ್ಯುಲೇಟರ್ ಪೇರಿಸಿದಾಗ ನಡುವೆ ಡಿಸಿ ಹುಟ್ಟಿದರೆ ಎಫ್‌ಎಂನಲ್ಲಿ ಶ್ರುತಿಯೇ ಜಾರುತ್ತದೆ. ಫೇಸ್ ಮಾಡ್ಯುಲೇಶನ್‌ನಲ್ಲಿ ಶ್ರುತಿ ಜಾರುವುದಿಲ್ಲ. 2021ರಲ್ಲಿ ಕೆನ್ ಶಿರಿಫ್ ಅದರ ಚಿಪ್ಪಿನ ಸಿಲಿಕಾನ್ ಚಿತ್ರ ತೆಗೆದು, ಒಳಗಿನ ಸರ್ಕ್ಯೂಟನ್ನು ಬಿಡಿಸಿ ತೋರಿಸಿದರು. ಸೈನ್ ಕೋಷ್ಟಕವನ್ನು ಲಾಗರಿದಂನಲ್ಲಿಟ್ಟು ಗುಣಾಕಾರವನ್ನೆಲ್ಲ ಕೂಡಿಕೆಯಾಗಿಸಿದ ಜಾಣ್ಮೆ ಅಲ್ಲಿ ಕಾಣುತ್ತದೆ. ಡೆಕ್ಸ್‌ಡ್ ಎಂಬ ಉಚಿತ ತಂತ್ರಾಂಶ ಈ ವಾದ್ಯವನ್ನು ಲ್ಯಾಪ್‌ಟಾಪಿಗೆ ತರುತ್ತದೆ. ಹಳೆಯ ಯಂತ್ರದ ಒರಟು ಬೇಕಾದವರು ಅದರಲ್ಲಿ ‘ಮಾರ್ಕ್ 1’ ಎಂಜಿನ್ ಆಯ್ದುಕೊಳ್ಳಬೇಕು.

ಇದರಲ್ಲಿ ಫೈ ಅನುಪಾತ ಹಿಡಿಯಲು ಹೋದರೆ ಒಂದು ತಡೆ. ಅನುಪಾತದ ಪೂರ್ಣಾಂಕವಾದ ಕೋರ್ಸ್ 1 ಇದ್ದಾಗ, ಭಿನ್ನಾಂಶ ಬದಲಿಸುವ ಫೈನ್ ಗುಂಡಿ 0.01ರ ಮೆಟ್ಟಿಲಲ್ಲೇ ಏರುತ್ತದೆ, 1.62 ಬಂದು ಮೇಲೆ ಹೇಳಿದ ನಡುಕ ಶುರುವಾಗುತ್ತದೆ. ಕ್ಯಾರಿಯರನ್ನು 1.10ಕ್ಕೂ ಮಾಡ್ಯುಲೇಟರನ್ನು 1.78ಕ್ಕೂ ಇಟ್ಟರೆ ಅನುಪಾತ 1.6182, ತಪ್ಪು ಒಂದು ಸೆಂಟಿನ ಆರನೇ ಒಂದು ಭಾಗದಷ್ಟು. 55 ಮತ್ತು 89 ಫಿಬೊನಾಚಿ ಸರಣಿಯ ಅಕ್ಕಪಕ್ಕದ ಸಂಖ್ಯೆಗಳಾದ್ದರಿಂದ ಸಿಕ್ಕ ಅನುಕೂಲ ಇದು. ಶ್ರುತಿ 165 ಸೆಂಟ್ ಏರುತ್ತದೆ, ಅದನ್ನು ಬೇರೆ ಇಳಿಸಿಕೊಳ್ಳಬೇಕು. ಕೀಲಿಮಣೆಯ 12 ಸ್ವರಗಳನ್ನು ಬದಲಿಸಲು ಮೊದಲ ಡಿಎಕ್ಸ್7ನಲ್ಲಿ ಅವಕಾಶವಿಲ್ಲ. ಡೆಕ್ಸ್‌ಡ್‌ನಲ್ಲಿ ಸ್ವರಶ್ರೇಣಿ ಬರೆದಿಟ್ಟ ಸ್ಕಾಲಾ ಕಡತ ಹಾಕಬಹುದು: 833.09 ಸೆಂಟನ್ನು 9 ಸಮಭಾಗ ಮಾಡಿದರೆ ಮೆಟ್ಟಿಲೊಂದಕ್ಕೆ 92.57.

ಕೀಬೋರ್ಡ್ ಕೈಯಲ್ಲಿರುವವರು ಮೊದಲು ಮಾಡಬೇಕಾದದ್ದು ಇವ್ಯಾವುದೂ ಅಲ್ಲ, ಬ್ಯಾಟರಿ. ಒಳಗಿನ ಸಿಆರ್2032 ಸತ್ತರೆ ಮೆಮರಿಯ 32 ಧ್ವನಿಗಳೂ ಹೋಗುತ್ತವೆ. ಬ್ಯಾಟರಿಗೆ ಕೈಹಾಕುವ ಮುಂಚೆಯೇ ಮಿಡಿ ಮೂಲಕ ನಕಲು ತೆಗೆಯಿರಿ: ಫಂಕ್ಷನ್ ಒತ್ತಿ, 8ನೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ‘ಸಿಸ್ ಇನ್ಫೊ’ ಬಂದಾಗ ಯೆಸ್ ಒತ್ತಿ ‘ಅವೈಲ್’ ಮಾಡಿ, ಇನ್ನೊಮ್ಮೆ 8 ಒತ್ತಿದಾಗ ಬರುವ ‘ಮಿಡಿ ಟ್ರಾನ್ಸ್‌ಮಿಟ್’ಗೆ ಯೆಸ್. ಸಿಗುವ ಕಡತ ಸರಿಯಾಗಿ 4104 ಬೈಟ್ ಇರಬೇಕು. ಅದರಲ್ಲಿ 4096 ಧ್ವನಿಯದು, ಉಳಿದ 8 ತಲೆ-ಬಾಲ. ಒಂದು ಬೈಟ್ ಕಡಿಮೆಯಾದರೂ ಚೆಕ್‌ಸಮ್ (ತಾಳೆ ನೋಡುವ ಮೊತ್ತ) ಹೊಂದದೆ ಕೀಬೋರ್ಡ್ ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳು ಇಷ್ಟುದ್ದದ ಸಂದೇಶದಲ್ಲಿ ಬೈಟ್ ನುಂಗುವುದು ಮಾಮೂಲು. ಎರಡು ಸಲ ತೆಗೆದು ಎರಡೂ ಕಡತ ಒಂದೇ ಇವೆಯೇ ನೋಡಿ. ಹೊಸ ಬ್ಯಾಟರಿಯನ್ನು ನೇರ ಬೆಸುಗೆ ಹಾಕದೆ ಹೋಲ್ಡರ್ ಕೂರಿಸಿ. ಗುಂಡಿ ಬ್ಯಾಟರಿಗೆ ಕಾವು ತಾಗಿದರೆ ಒಡೆಯಬಹುದು. ವಾಪಸ್ ಹಾಕುವಾಗ ಇಂಟರ್ನಲ್ ಮೆಮರಿ ಪ್ರೊಟೆಕ್ಟ್ ತೆಗೆಯುವುದನ್ನು ಮರೆತರೆ ಏನೂ ಆಗದೆ ಹಳೆಯ ಕಸವೇ ಉಳಿಯುತ್ತದೆ.

ಆ 4104 ಬೈಟ್‌ಗಳಲ್ಲೂ ಎಲ್ಲ ಇಲ್ಲ. ಪಿಚ್ ಬೆಂಡ್ ಎಷ್ಟು ದೂರ ಹೋಗಬೇಕು, ಮಾಡ್ ವೀಲ್ ಯಾವುದನ್ನು ತಿರುಗಿಸಬೇಕು, ಪೋರ್ಟಮೆಂಟೊ ಎಷ್ಟು ಎಂಬ ಫಂಕ್ಷನ್ ಸೆಟ್ಟಿಂಗ್‌ಗಳು ಧ್ವನಿಯ ಜೊತೆ ಹೋಗುವುದಿಲ್ಲ. ಅವನ್ನು ಒಂದೊಂದಾಗಿ ಪರದೆಯಲ್ಲಿ ನೋಡಿ, ಕಾಗದದ ಮೇಲೆ ಬರೆದು, ಕಡತದ ಜೊತೆಗೇ ಇಡಬೇಕು.